ಕಥೆಗೆ ಮುಗಿಯಲು ಬಿಡಬೇಕು, ಮೇಷ್ಟ್ರೇ

ಪ್ರಿಯ ಮೇಷ್ಟ್ರೇ,

ನಮಸ್ಕಾರ. ತಿಪಟೂರಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ಬಂತು. ಕಳೆದ ಸಂಚಿಕೆಯಲ್ಲಿ ಟಿವಿ ಧಾರಾವಾಹಿಗಳಿಗೆ ಎರಡು ಪುಟ ಕೊಟ್ಟಿದ್ದು ನಿಮಗೆ ಬೇಸರ ತಂದಿದೆ. ‘ಮಾಯಾಮೃಗ’ದ ನಂತರ ನೋಡುವಂಥದ್ದು ಒಂದೂ ಬಂದಿಲ್ಲ, ಈಗಿನದ್ದೆಲ್ಲ ಬರೀ ಅಡುಗೆಮನೆ ಜಗಳ, ಅದಕ್ಕೆ ಪತ್ರಿಕೆಯಲ್ಲಿ ಜಾಗ ಯಾಕೆ ಎಂದು ಕೇಳಿದ್ದೀರಿ. ಆದರೆ ಪತ್ರದ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀರಿ. ‘ಭಾಗ್ಯಲಕ್ಷ್ಮೀ’ಯ ಭಾಗ್ಯ ಪರೀಕ್ಷೆಗೆ ಕೂತ ದಿನ ಮನೆಯವರ ಜೊತೆ ನೀವೂ ಪೇಪರ್ ಮಡಚಿಟ್ಟು ನೋಡಿದಿರಂತೆ. ನನಗೆ ಇಡೀ ಪತ್ರದಲ್ಲಿ ತುಂಬ ಹಿಡಿಸಿದ್ದು ಆ ಸಾಲು.

ನಾನು ಧಾರಾವಾಹಿಗಳನ್ನು ಬಿಡದೆ ನೋಡಿದ್ದು ಅಮ್ಮನ ಜೊತೆ. ಅವರು ಕಾಲು ಮುರಿದುಕೊಂಡು ನಾಲ್ಕು ತಿಂಗಳು ಮಂಚದ ಮೇಲಿದ್ದರು. ಸಂಜೆಯಾದರೆ ಟಿವಿ ಹಾಕಬೇಕಿತ್ತು. ಮೊದಮೊದಲು ಸುಮ್ನೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಎರಡು ವಾರ ಕಳೆದ ಮೇಲೆ ನಾನೇ ಹೊತ್ತಿಗೆ ಸರಿಯಾಗಿ ಬಂದು ಕೂರತೊಡಗಿದೆ.

ಭಾಗ್ಯಳ ಕಥೆಯನ್ನೇ ತೆಗೆದುಕೊಳ್ಳಿ. ಮದುವೆಯಾಗಿ, ಎರಡು ಮಕ್ಕಳಾಗಿ, ಓದಿಲ್ಲ ಅನ್ನುವ ಕಾರಣಕ್ಕೆ ಗಂಡನಿಂದ ದಿನವೂ ಹೀಗಳೆಸಿಕೊಳ್ಳುವ ಹೆಂಗಸು. ಅವಳು ಮಗಳು ಓದುವ ಶಾಲೆಗೇ ಸೇರಿ ಹತ್ತನೇ ತರಗತಿ ಕಟ್ಟುತ್ತಾಳೆ. ಅವಳ ಬೆನ್ನಿಗೆ ನಿಲ್ಲುವವಳು ಯಾರು? ಅತ್ತೆ ಕುಸುಮಾ! ಹೆತ್ತ ಮಗನ ತಪ್ಪನ್ನು ತಪ್ಪು ಎಂದು ಹೇಳಿ, ಸೊಸೆಯ ಕೈ ಹಿಡಿಯುವ ಅತ್ತೆ. ಭಾಗ್ಯ ಪಾತ್ರದ ಸುಷ್ಮಾ ರಾವ್, ಕುಸುಮಾ ಪಾತ್ರದ ಪದ್ಮಜಾ ರಾವ್ ಇಬ್ಬರೂ ಎದುರುಬದುರು ನಿಂತಾಗ ಮನೆಯೊಳಗಿನ ಮಾತನ್ನೇ ಕೇಳಿದ ಹಾಗಿರುತ್ತದೆ. ಅಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆ ದೃಶ್ಯಗಳ ಹೊತ್ತಿಗೆ ಅವರು ನನ್ನ ಕಡೆ ತಿರುಗುತ್ತಲೇ ಇರಲಿಲ್ಲ. ಇದನ್ನು ಅಡುಗೆಮನೆ ಜಗಳ ಅಂತ ಬದಿಗೆ ತಳ್ಳಲು ನನ್ನಿಂದ ಆಗದು, ಮೇಷ್ಟ್ರೇ.

‘ಪುಟ್ಟಕ್ಕನ ಮಕ್ಕಳು’ ಶುರುವಾಗಿದ್ದು 2021ರ ಡಿಸೆಂಬರ್‌ನಲ್ಲಿ. ಮೂರೂ ಹೆಣ್ಣೇ ಆಯಿತೆಂದು ಗಂಡ ಬಿಟ್ಟುಹೋದ ಹೆಂಗಸು, ಮೆಸ್ ನಡೆಸಿ ಮಕ್ಕಳನ್ನು ಬೆಳೆಸುವ ಕಥೆ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ ಇಲ್ಲಿ ಪುಟ್ಟಕ್ಕ. ಅವರು ಸೆರಗು ಸಿಕ್ಕಿಸಿ ಬಡಿಸುವ ರೀತಿ ನೋಡಿ. ಊಟಕ್ಕೆ ಕೂತವನ ಎಲೆ ಮೇಲೂ ಒಂದು ಕಣ್ಣು, ಬಾಗಿಲ ಮೇಲೂ ಒಂದು ಕಣ್ಣು. ದುಡಿದು ತಿನ್ನುವ ಹೆಂಗಸಿನ ಮೈಯ ದಣಿವು ಅದರಲ್ಲಿದೆ. ನಾಟಕದ ಹಲಗೆ ಮೇಲೆ ವರ್ಷಗಟ್ಟಲೆ ಪಳಗಿದವರಿಗೆ ಮಾತ್ರ ಬರುವ ಕಲೆ ಅದು.

‘ಅಮೃತಧಾರೆ’ ಹಿಂದಿಯಿಂದ ತಂದ ಕಥೆ. ಆದರೂ ವಯಸ್ಸು ಮೀರಿದ ಇಬ್ಬರು ಮದುವೆಯಾಗಿ ಮೆಲ್ಲಗೆ ಒಬ್ಬರನ್ನೊಬ್ಬರು ಅರಿಯುವ ಭಾಗವನ್ನು ರಾಜೇಶ್ ನಟರಂಗ, ಛಾಯಾ ಸಿಂಗ್ ಬಹಳ ಹದವಾಗಿ ಮಾಡಿದ್ದಾರೆ.

ಹಾಗಾದರೆ ನಿಮ್ಮ ಸಿಟ್ಟಿಗೆ ಅರ್ಥವಿಲ್ಲವೇ? ಇದೆ. ಅದು ಅಡುಗೆಮನೆ ಮೇಲಲ್ಲ, ಕಥೆಯನ್ನು ಎಳೆಯುವುದರ ಮೇಲೆ ಇರಬೇಕು ಎನ್ನುವುದು ನನ್ನ ಮಾತು.

ಪುಟ್ಟಕ್ಕನ ಮಗಳು ಸ್ನೇಹಾ ಓದಿ ಜಿಲ್ಲಾಧಿಕಾರಿ ಆಗುತ್ತಾಳೆ. ತಾಯಿಯ ಬೆವರಿಗೆ ಬೆಲೆ ಸಿಕ್ಕಿತು. ನನ್ನ ಲೆಕ್ಕದಲ್ಲಿ ಕಥೆ ಅಲ್ಲಿಗೆ ತುಂಬಿತ್ತು. ಆದರೆ ಮುಗಿಸಲಿಲ್ಲ. ಮುಂದೆ 2024ರಲ್ಲಿ ಸ್ನೇಹಾಳನ್ನು ಸಾಯಿಸಿದರು. ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಜೋಡಿಸಿ, ಅವಳಿಗೂ ಸ್ನೇಹಾ ಎಂದೇ ಹೆಸರಿಟ್ಟು ಕಥೆ ಮುಂದುವರಿಸಿದರು. ಇದನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ. ಮೂರು ವರ್ಷ ಆ ಹುಡುಗಿಯನ್ನು ಮನೆಮಗಳಂತೆ ಕಂಡ ಜನರಿಗೆ ಹೀಗೆ ಮಾಡಬಾರದಿತ್ತು.

ಇದು ಯಾಕೆ ಹೀಗಾಗುತ್ತದೆ ಎಂದು ನೋಡಿ. ಒಂದು ಸಂಚಿಕೆ ಅಂದರೆ ಸುಮಾರು 22 ನಿಮಿಷ. ವಾರಕ್ಕೆ ಆರು ಸಂಚಿಕೆ ಹಿಡಿದರೆ ಎರಡು ಗಂಟೆಗೂ ಜಾಸ್ತಿ. ಅಂದರೆ ಪ್ರತಿ ವಾರ ಒಂದು ಸಿನಿಮಾದಷ್ಟು ಬರೆದು, ಚಿತ್ರೀಕರಿಸಿ, ಜೋಡಿಸಿ ಕೊಡಬೇಕು. ವರ್ಷಕ್ಕೆ ಮುನ್ನೂರು ಸಂಚಿಕೆ. ಎಷ್ಟು ಜನ ನೋಡಿದರು ಎನ್ನುವ ರೇಟಿಂಗ್ ಪ್ರತಿ ಗುರುವಾರ ಬರುತ್ತದೆ. ಇಳಿದರೆ ‘ಟ್ರ್ಯಾಕ್’, ಅಂದರೆ ಕಥೆಯ ಹಾದಿ, ಬದಲಾಗಬೇಕು; ಏರಿದರೆ ಅದನ್ನೇ ಇನ್ನಷ್ಟು ಎಳೆಯಬೇಕು. ಸಂಭಾಷಣೆ ಬರೆಯುವವರಿಗೆ ನಾಳೆ ಏನಾಗುತ್ತದೆ ಎಂದು ಗೊತ್ತಿರಬಹುದು, ಕೊನೆಗೆ ಏನಾಗುತ್ತದೆ ಎಂದು ಗೊತ್ತಿರುವುದಿಲ್ಲ. ಕೊನೆ ಗೊತ್ತಿಲ್ಲದವರು ಪಾತ್ರವನ್ನು ಬೆಳೆಸುವುದಾದರೂ ಹೇಗೆ? ಅದಕ್ಕೇ ಮತ್ತೆ ಅಪಹರಣ, ಮತ್ತೆ ಅಪಘಾತ, ಮತ್ತೆ ಬಾಗಿಲ ಹಿಂದೆ ಕದ್ದು ಕೇಳುವುದು. ‘ಅಗ್ನಿಸಾಕ್ಷಿ’ 2013ರಿಂದ 2020ರವರೆಗೆ ನಡೆಯಿತು. ಆಗ ಒಂದನೇ ಕ್ಲಾಸಿಗೆ ಸೇರಿದ ಮಗು, ಅದು ಮುಗಿಯುವ ಹೊತ್ತಿಗೆ ಹೈಸ್ಕೂಲಿನ ಬಾಗಿಲಲ್ಲಿತ್ತು.

ನೀವು ನೆನೆದ ‘ಮಾಯಾಮೃಗ’ವೂ ದಿನಾ ಬರುತ್ತಿದ್ದದ್ದೇ. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ಎಚ್.ಎಸ್. ವೆಂಕಟೇಶಮೂರ್ತಿಯವರು ಬರೆದು ಸಿ. ಅಶ್ವಥ್ ರಾಗ ಹಾಕಿದ ಶೀರ್ಷಿಕೆ ಗೀತೆ ಬಂದರೆ ನಮ್ಮ ಬೀದಿಯ ಎಲ್ಲ ಮನೆಯಲ್ಲೂ ಒಂದೇ ದನಿ ಕೇಳುತ್ತಿತ್ತು. ದಿನಾ ಬಂದರೂ ಕಥೆಗೆ ಒಂದು ದಿಕ್ಕಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಎಷ್ಟೋ ಕಥೆಗಳು ಒಂದೇ ಕಂತಿಗೆ ಮುಗಿಯುತ್ತಿದ್ದವು. ಇನ್ನು ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ್ ಕಾಸರವಳ್ಳಿ ಧಾರಾವಾಹಿ ಮಾಡಿದ್ದು ನಿಮಗೆ ನೆನಪಿರಬೇಕು, ನಿಮ್ಮ ಸೀಮೆಯದೇ ಕಥೆ. ಅದರಲ್ಲೂ ಬಾಯಿಬಡುಕಿ ಅತ್ತೆ ಗಂಗಮ್ಮ ಇದ್ದಳು. ಅದೂ ಒಲೆಯ ಮುಂದೆ ನಡೆದ ಬದುಕೇ, ಅಲ್ವಾ? ಆದರೂ ನಂಜಮ್ಮನನ್ನು ನಾವು ಮರೆತಿಲ್ಲ. ಅವಳ ಕಥೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

ಅದಕ್ಕೇ ವಾಹಿನಿಯವರನ್ನು ನಾನು ಕೇಳುವುದು ಇಷ್ಟೇ. ಇನ್ನೂರು ಸಂಚಿಕೆಗೆ ಮುಗಿಸುತ್ತೇವೆ ಎಂದು ಮೊದಲೇ ಹೇಳಿ ಒಂದೇ ಒಂದು ಧಾರಾವಾಹಿ ಮಾಡಿ ನೋಡಿ. ಕೊನೆಯನ್ನು ಬರೆದಿಟ್ಟುಕೊಂಡು ಶುರು ಮಾಡಿ. ನಮ್ಮ ನಟರಿಗೆ ಆ ಶಕ್ತಿ ಇದೆ. ನೋಡುವವರಿಗೂ ಆ ತಾಳ್ಮೆ ಇದೆ.

ಪತ್ರಿಕೆಯ ಆ ಎರಡು ಪುಟಗಳನ್ನು ನಾನು ನಿಲ್ಲಿಸುವುದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಬದಲಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಮೂವತ್ತು ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಹೇಳಿದವರು ನೀವು. ಮದುವೆಯಾಗಿ ಹೋದ ಮೇಲೆ ಮತ್ತೆ ಪರೀಕ್ಷೆ ಕಟ್ಟಲು ಬಂದ ಹೆಣ್ಣುಮಕ್ಕಳನ್ನು ಕಂಡೇ ಇರುತ್ತೀರಿ. ಅವರ ಬಗ್ಗೆ ಬರೆಯಿರಿ. ಹೆಸರು ಬೇಡ. ಜೊತೆಗೆ, ಭಾಗ್ಯ ಪರೀಕ್ಷೆಗೆ ಕೂತ ದಿನ ನಿಮ್ಮ ಮನೆಯವರು ಏನಂದರು ಎನ್ನುವುದನ್ನು ಅವರ ಮಾತಿನಲ್ಲೇ ಬರೆಸಿ ಕಳಿಸಿ. ಎರಡನ್ನೂ ಅದೇ ಪುಟದಲ್ಲಿ ಹಾಕುತ್ತೇನೆ.

ನಿಮ್ಮ,
ಸಂಪಾದಕ