ರಾತ್ರಿಯ ಆತ್ಮಪರೀಕ್ಷೆ ನಿದ್ದೆಗೆಡಿಸಿದರೆ

ದಿನವೂ ಮಲಗುವ ಮುಂಚೆ ಆತ್ಮಪರೀಕ್ಷೆಗೆ ಕೂತರೆ ತಪ್ಪುಗಳ ಪಟ್ಟಿಯೇ ಬೆಳೆಯುತ್ತದೆ, ನಿದ್ದೆ ಹಾರಿಹೋಗುತ್ತದೆ, ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ಬಿಡಬೇಡಿ, ಶುರು ಮಾಡುವ ಜಾಗ ಬದಲಿಸಿ ನೋಡಿ.

ನಮ್ಮ ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭಿಸಿದ ಜೆಸ್ವಿಟ್ (ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ) ಗುರುಗಳ ಪರಂಪರೆಯಲ್ಲಿ ಈ ಅಭ್ಯಾಸ ದಿನಕ್ಕೆರಡು ಸಲ, ಮಧ್ಯಾಹ್ನ ಮತ್ತು ರಾತ್ರಿ. ಅವರ ಸ್ಥಾಪಕ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಕ್ರಮದಲ್ಲಿ ಮೊದಲನೆಯದು ಕೃತಜ್ಞತೆ. ಎರಡನೆಯದು ಬೆಳಕಿಗಾಗಿ ಬೇಡುವುದು. ದಿನವನ್ನು ತಿರುಗಿ ನೋಡುವುದು ಆಮೇಲೆ. ನಂತರ ಕ್ಷಮೆ, ನಾಳೆಗೊಂದು ನಿರ್ಧಾರ. ನೀವು ಸೀದಾ ಮೂರನೆಯದಕ್ಕೆ ಹಾರುತ್ತಿದ್ದೀರಿ ಅನಿಸುತ್ತದೆ. ಬೈಬಲಿನ 139ನೇ ಕೀರ್ತನೆಯಲ್ಲೂ ಹೃದಯವನ್ನು ಶೋಧಿಸುವವನು ದೇವರೇ. ನಮ್ಮ ಮೇಲೆ ನಾವೇ ಪೊಲೀಸರಾಗಬೇಕಿಲ್ಲ.

ಮೊನ್ನೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿಸಿ ಕೂತಾಗ ನನಗೆ ನೆನಪಾದದ್ದು, ಬೆಳಿಗ್ಗೆ ಹತ್ತು ರೂಪಾಯಿಗಾಗಿ ಬಂಗುಡೆ ಮಾರುವ ಹೆಂಗಸಿನ ಮೇಲೆ ರೇಗಿದ್ದು. ಆಕೆ ಏನೂ ಅನ್ನದೆ ಒಂದು ಮೀನು ಹೆಚ್ಚಿಗೇ ಹಾಕಿದ್ದಳು. ಮೊದಲು ಆ ಮೀನಿಗೆ ದೇವರಿಗೆ ಥ್ಯಾಂಕ್ಸ್ ಹೇಳಿದೆ. ನಾಚಿಕೆ ತಾನಾಗಿಯೇ ಬಂತು. ಮರುದಿನ ಚೌಕಾಸಿ ಮಾಡದೆ ಕೊಂಡೆ. (ಆಕೆಗೆ ಹಿಂದಿನ ದಿನದ್ದು ನೆನಪೇ ಇರಲಿಲ್ಲ, ಅದು ಬೇರೆ ಮಾತು.)

ಹತ್ತು ನಿಮಿಷ ಸಾಕು, ರಾತ್ರಿ ಊಟಕ್ಕೆ ಮುಂಚೆಯೇ ಕೂತುಬಿಡಿ. ನಿವೇದಿಸಿ ಮುಗಿದ ಪಾಪವೇ ಮತ್ತೆ ಮತ್ತೆ ಕಾಡುತ್ತಿದ್ದರೆ ಒಬ್ಬರೇ ಗುದ್ದಾಡಬೇಡಿ, ನಿಮ್ಮ ಪಾಪನಿವೇದನೆ ಕೇಳುವ ಫಾದರ್ ಹತ್ತಿರ ಬಿಡಿಸಿ ಹೇಳಿ. ಆಮೇಲೂ ನಿದ್ದೆ ಬರದಿದ್ದರೆ ಡಾಕ್ಟರಿಗೂ ಒಮ್ಮೆ ತೋರಿಸಿ.