ಓದುಗರ ಪ್ರಶ್ನೆ: ಗೈಡ್ ಹಿಂದಿರುಗಿಸಿದ ಸಿನಾಪ್ಸಿಸ್

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂಸಿಎ ಓದುತ್ತಿದ್ದೇನೆ. ನಮ್ಮದು ಅಡಿಕೆ ತೋಟದ ಮನೆ. ಈಗ ಎರಡನೆಯ ಸುತ್ತಿನ ಮದ್ದು ಹೊಡೆಯುವ ಗಡಿಬಿಡಿ ನಡೆದಿದೆ. ಮೊಬೈಲ್ ಚಿತ್ರಗಳಿಂದ ಅಡಿಕೆಯ ರೋಗಗಳನ್ನು ಗುರುತಿಸುವ ತಂತ್ರಾಂಶದ ಬಗ್ಗೆ ಸಂಶೋಧನಾ ಪ್ರಸ್ತಾವ (ಸಿನಾಪ್ಸಿಸ್) ಬರೆದು ಕೊಟ್ಟಿದ್ದೆ. ‘ವಿಷಯ ಬಹಳ ಹರಡಿಕೊಂಡಿದೆ, ಹೊಸತೇನೂ ಕಾಣುತ್ತಿಲ್ಲ’ ಎಂದು ಗೈಡ್ ಹಿಂದಿರುಗಿಸಿದರು. ಮುಂದಿನ ತಿಂಗಳು ಸಮಿತಿಯ ಮುಂದೆ ಮಂಡಿಸಬೇಕು. ವಿಷಯವನ್ನೇ ಬದಲಿಸಲೇ?
— ಒಬ್ಬ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವಿಷಯವನ್ನು ಖಂಡಿತ ಬಿಡಬೇಡಿ, ಆದರೆ ಗೈಡ್ ಹೇಳಿದ ಮಾತನ್ನೂ ತಳ್ಳಿಹಾಕಬೇಡಿ. ‘ಅಡಿಕೆಯ ರೋಗಗಳನ್ನು ಗುರುತಿಸುವುದು’ ಎಂಬುದು ಇನ್ನೂ ಆಸೆಯ ಹಂತದಲ್ಲಿದೆ. ನಿಮಗಿರುವ ಕೆಲವೇ ತಿಂಗಳುಗಳಲ್ಲಿ, ನಿಮ್ಮ ಕೈಗೆ ಸಿಗುವ ಚಿತ್ರಗಳಿಂದಲೇ ಉತ್ತರ ಹೇಳಬಹುದಾದ ಒಂದು ಪ್ರಶ್ನೆಯನ್ನು ಸಮಿತಿ ನಿಮ್ಮಿಂದ ನಿರೀಕ್ಷಿಸುತ್ತದೆ.

ಆ ಪ್ರಶ್ನೆಯನ್ನು ತೋಟದಲ್ಲಿ ನಿಂತು ಹುಡುಕಿ. ಎತ್ತರದ ಮರದ ಕೊನೆಯನ್ನು (ಅಡಿಕೆ ಗೊನೆಯನ್ನು) ಮಳೆಯಲ್ಲಿ ಕೆಳಗಿನಿಂದ ಚಿತ್ರ ತೆಗೆದರೆ ಬೂದು ಆಕಾಶ, ಕಪ್ಪು ನೆರಳು ಬಿಟ್ಟರೆ ಬೇರೇನೂ ಮೂಡುವುದಿಲ್ಲ. ಚಿತ್ರಕ್ಕಾಗಿ ಕೊನೆಗಾರರನ್ನು ಜಾರುವ ಮರ ಹತ್ತಿಸುವ ಯೋಜನೆಯನ್ನಂತೂ ಬರೆಯಲೇಬೇಡಿ. ನಿಮ್ಮ ಮನೆಯ ಹಿರಿಯರು ಕೊಳೆ (ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಬಂದದ್ದನ್ನು ಕಂಡುಕೊಳ್ಳುವುದು ಮರದ ಬುಡದಲ್ಲಿ. ಉದುರಿದ ಹಸಿರು ಕಾಯಿಯನ್ನು ಎತ್ತಿಕೊಂಡು, ತೊಟ್ಟಿನ ಕಡೆಗೆ ತಿರುಗಿಸಿ, ನೀರು ಹೀರಿದಂತೆ ಕಡು ಹಸಿರಾದ ಮಚ್ಚೆಯಿದೆಯೇ, ಬಿಳಿ ಬೂಷ್ಟು ಹಿಡಿದಿದೆಯೇ ಎಂದು ನೋಡುತ್ತಾರೆ. ಆದರೆ ಎಳೆಗಾಯಿ ಉದುರುವುದಕ್ಕೆ ಕೊಳೆಯೊಂದೇ ಕಾರಣವಲ್ಲ, ರಸ ಹೀರುವ ತಿಗಣೆಯಿಂದಲೂ ಉದುರುತ್ತದೆ. ಹಾಗಾಗಿ ಹೀಗೆ ಬರೆಯಿರಿ: ‘ಉದುರಿದ ಕಾಯಿಯ ಮೊಬೈಲ್ ಚಿತ್ರವನ್ನು ನೋಡಿ, ಅದು ಉದುರಿದ್ದು ಕೊಳೆರೋಗದಿಂದಲೋ ಅಲ್ಲವೋ ಎಂಬುದನ್ನು, ತರಬೇತಿಯಲ್ಲಿ ಇಲ್ಲದ ತೋಟದಲ್ಲೂ ಗಣಕ ಹೇಳಬಲ್ಲುದೇ?’

‘ತರಬೇತಿಯಲ್ಲಿ ಇಲ್ಲದ ತೋಟ’ (ಗಣಕಕ್ಕೆ ಕಲಿಸಲು ಬಳಸಿದ ಚಿತ್ರಗಳಲ್ಲಿ ಬಾರದ ತೋಟ) ಎಂಬ ಮಾತಿನಲ್ಲಿಯೇ ನಿಮ್ಮ ಹೊಸತನವಿದೆ. ಸಸ್ಯರೋಗ ಗುರುತಿಸುವ ಕೆಲಸದಲ್ಲಿ ಬಹಳಷ್ಟು ಮಂದಿ ಬಳಸುವ ‘ಪ್ಲಾಂಟ್‌ವಿಲೇಜ್’ ಸಂಗ್ರಹದಲ್ಲಿ 14 ಬೆಳೆಗಳ 54,000ಕ್ಕೂ ಹೆಚ್ಚು ಎಲೆಚಿತ್ರಗಳಿವೆ. ಅವುಗಳಲ್ಲಿ ಅಡಿಕೆ ಇಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಗ್ರಹದೊಳಗಿನ ಪರೀಕ್ಷೆಯಲ್ಲಿ ಶೇ. 99.35ರಷ್ಟು ನಿಖರತೆ ಪಡೆಯಿತು, ಆದರೆ ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದೇ ಮಾದರಿಯ (ಚಿತ್ರ ನೋಡಿ ರೋಗ ಗುರುತಿಸಲು ಕಲಿತ ತಂತ್ರಾಂಶದ) ನಿಖರತೆ ಸುಮಾರು ಶೇ. 31ಕ್ಕೆ ಕುಸಿಯಿತು. ಕಿತ್ತ ಎಲೆಯನ್ನು ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಕ್ಕೂ ಕೆಸರು, ತರಗು, ನೀರಹನಿಗಳ ನಡುವಿನ ಚಿತ್ರಕ್ಕೂ ಅಷ್ಟು ಅಂತರವಿರುತ್ತದೆ. ‘ಹಿಂದಿನ ಅಧ್ಯಯನಗಳು’ ಎಂಬ ಭಾಗದಲ್ಲಿ ಇಪ್ಪತ್ತು ಪ್ರಬಂಧಗಳ ಸಾರಾಂಶ ಸುರಿಯುವ ಬದಲು ಈ ಕುಸಿತವನ್ನು ಚೆನ್ನಾಗಿ ವಿವರಿಸಿದರೆ ‘ಇದರಲ್ಲಿ ಹೊಸತೇನು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.

ವಿಧಾನದ ಭಾಗದಲ್ಲಿ, ಯಾವ ಮಾದರಿ ಬಳಸುತ್ತೀರಿ ಎಂಬುದಕ್ಕಿಂತ ಚಿತ್ರಗಳನ್ನು ಹೇಗೆ ವಿಂಗಡಿಸುತ್ತೀರಿ ಎಂಬುದಕ್ಕೆ ಹೆಚ್ಚು ಜಾಗ ಕೊಡಿ. ಒಂದೇ ಕಾಯಿಯ ಹತ್ತು ಚಿತ್ರ ತೆಗೆದು, ಎಂಟನ್ನು ತರಬೇತಿಗೂ ಎರಡನ್ನು ಪರೀಕ್ಷೆಗೂ ಹಾಕಿದರೆ ಗಣಕ ಆ ಕಾಯಿಯನ್ನು ನೆನಪಿಟ್ಟುಕೊಂಡು ಪಾಸಾಗುತ್ತದೆ. ಆದ್ದರಿಂದ ವಿಂಗಡಣೆ ತೋಟವಾರು ಇರಲಿ: ಒಂದು ತೋಟದ ಚಿತ್ರಗಳೆಲ್ಲ ತರಬೇತಿಗೆ ಇಲ್ಲವೇ ಪರೀಕ್ಷೆಗೆ, ಒಂದೇ ಕಡೆ ಹೋಗಲಿ. ಇನ್ನೊಂದು ಬಲೆ ನಮ್ಮ ಮಲೆನಾಡಿನದ್ದೇ: ಬೋರ್ಡೋ ದ್ರಾವಣ (ಕೊಳೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಮದ್ದು) ಸಿಂಪಡಿಸಿದ ಕಾಯಿಯ ಮೇಲೆ ತಿಳಿನೀಲಿ ಕಲೆ ಒಣಗಿ ಕೂತಿರುತ್ತದೆ. ರೋಗದ ಚಿತ್ರಗಳೆಲ್ಲ ಮದ್ದು ಕಾಣದ ತೋಟದಿಂದ, ಆರೋಗ್ಯವಂತ ಕಾಯಿಗಳ ಚಿತ್ರಗಳೆಲ್ಲ ಮದ್ದು ಹೊಡೆದ ತೋಟದಿಂದ ಬಂದರೆ ಗಣಕ ರೋಗವನ್ನು ಬಿಟ್ಟು ಆ ನೀಲಿ ಕಲೆಯನ್ನು ಕಲಿಯುತ್ತದೆ. ಪ್ರತಿ ಚಿತ್ರದ ಜೊತೆ ತೋಟ, ದಿನಾಂಕ, ಕೊನೆಯ ಸಿಂಪರಣೆ ಯಾವಾಗ ಎಂಬುದನ್ನು ಬರೆದಿಡಿ. ಇಂಥ ಮಾತು ತೋಟ ಕಂಡವರ ಪ್ರಸ್ತಾವದಲ್ಲಿ ಮಾತ್ರ ಬರಲು ಸಾಧ್ಯ; ಅದನ್ನು ಹೇಳಲು ಸಂಕೋಚಪಡಬೇಡಿ.

‘ಇದು ಕೊಳೆ’ ಎಂದು ತೀರ್ಮಾನಿಸುವವರು ಯಾರು ಎಂದು ಸಮಿತಿಯವರು ಕೇಳಿಯೇ ಕೇಳುತ್ತಾರೆ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರಲ್ಲಿ ವಿನಂತಿಸಿಕೊಳ್ಳಿ. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಗುರುತು ಹಾಕಿದರೆ, ಅವರ ನಡುವಿನ ಒಮ್ಮತವನ್ನು ಕೋಹೆನ್ ಕಪ್ಪಾ ಎಂಬ ಅಳತೆಯಿಂದ ತೋರಿಸಬಹುದು. ಫಲಿತಾಂಶವನ್ನು ನಿಖರತೆಯೊಂದರಿಂದಲೇ ಅಳೆಯಬೇಡಿ. ನೂರು ಕಾಯಿಗಳಲ್ಲಿ ಹತ್ತಕ್ಕೆ ಮಾತ್ರ ಕೊಳೆ ಇದ್ದರೆ, ‘ಯಾವುದಕ್ಕೂ ರೋಗವಿಲ್ಲ’ ಎನ್ನುವ ತಂತ್ರಾಂಶಕ್ಕೂ ಶೇ. 90ರಷ್ಟು ನಿಖರತೆ ಬರುತ್ತದೆ. ಸುಮ್ಮನೆ ಎಚ್ಚರಿಸಿದರೆ ರೈತರಿಗೆ ಒಂದು ಸುತ್ತಿನ ಮದ್ದಿನ ಖರ್ಚು, ಇದ್ದ ಕೊಳೆಯನ್ನು ಕಾಣದೆ ಹೋದರೆ ಫಸಲೇ ನಷ್ಟ. ಆದ್ದರಿಂದ ರೋಗವಿರುವ ಕಾಯಿಗಳಲ್ಲಿ ಎಷ್ಟನ್ನು ಹಿಡಿದಿರಿ ಎಂಬುದು ಮುಖ್ಯ ಅಳತೆಯಾಗಲಿ.

ಒಂದು ವಿಷಯ ತುರ್ತಿನದು. ಕೊಳೆ ಮಳೆಗಾಲದ ರೋಗ. ಪ್ರಸ್ತಾವಕ್ಕೆ ಒಪ್ಪಿಗೆ ಸಿಗಲಿ ಎಂದು ಕಾಯುತ್ತ ಕುಳಿತು ದೀಪಾವಳಿ ಕಳೆದರೆ ಚಿತ್ರ ಸಿಗುವುದು ಮುಂದಿನ ವರ್ಷವೇ. ಗೈಡ್ ಅವರಿಗೆ ತಿಳಿಸಿ, ತೋಟದವರ ಒಪ್ಪಿಗೆ ಪಡೆದು, ಈ ವಾರವೇ ನಾಲ್ಕೈದು ತೋಟಗಳಲ್ಲಿ ಚಿತ್ರ ತೆಗೆಯಲು ಶುರುಮಾಡಿ. ಮೊಬೈಲ್ ಚಿತ್ರದೊಳಗೆ ಸ್ಥಳದ ಮಾಹಿತಿಯೂ ಅಡಗಿರಬಹುದು, ಹಂಚಿಕೊಳ್ಳುವ ಮುನ್ನ ಅದನ್ನು ಅಳಿಸಿ.

ಪ್ರಶ್ನೆ: ಹದಿನೈದು ನಿಮಿಷದ ಮಂಡನೆಗೆ ಎಷ್ಟು ಸ್ಲೈಡ್ ಬೇಕು? ಇಂಗ್ಲಿಷಿನಲ್ಲಿ ಮಾತನಾಡುವಾಗ ತಡವರಿಸುತ್ತೇನೆ.
— ಎಂ.ಟೆಕ್ ವಿದ್ಯಾರ್ಥಿ, ಸಾಗರ

ಉತ್ತರ: ಹತ್ತು ಸ್ಲೈಡ್ ಸಾಕು. ಹಲವರು ‘ಕೃತಕ ಬುದ್ಧಿಮತ್ತೆ ಎಂದರೇನು’ ಎಂಬಲ್ಲಿಯೇ ಐದು ನಿಮಿಷ ಕಳೆದು, ತಮ್ಮ ವಿಧಾನದ ಮಾತು ಬರುವ ಹೊತ್ತಿಗೆ ಗಡಿಯಾರ ನೋಡುತ್ತಾರೆ. ನಿಮ್ಮ ಸಂಶೋಧನೆಯ ಪ್ರಶ್ನೆ ಎರಡನೆಯ ಸ್ಲೈಡಿನಲ್ಲಿಯೇ ಇರಲಿ. ಸ್ಲೈಡಿನಲ್ಲಿ ಬರೆದದ್ದನ್ನೇ ಓದುವುದು ಬೇಡ. ಮೊದಲು ಇಡೀ ಮಂಡನೆಯನ್ನು ಕನ್ನಡದಲ್ಲಿ, ಕಂಪ್ಯೂಟರ್ ಓದದ ಮನೆಯವರೊಬ್ಬರಿಗೆ ಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಆ ಜಾಗವನ್ನು ತಿದ್ದಿ, ಆಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಾಗಿ ಮೂರು ಸಲ ಗಟ್ಟಿಯಾಗಿ ಹೇಳಿ ನೋಡಿ. ಸಮಿತಿಯವರು ಕೇಳಿದ ಪ್ರಶ್ನೆಗೆ ಉತ್ತರ ತೋಚದಿದ್ದರೆ ಅವರ ಎದುರಿಗೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತಿದ್ದಿದ ಪ್ರತಿಯಲ್ಲಿ ಉತ್ತರಿಸುವುದಾಗಿ ಹೇಳಿ.