ಮನೆ ನಂಬರಲ್ಲ, ಆಳಿನ ನಂಬರು

ಪ್ರಶ್ನೆ: ನಮ್ಮ ಮುತ್ತಾತನ ತಮ್ಮ ಮಾದ ಅನ್ನುವವರು ಮದ್ರಾಸಿನಲ್ಲಿ ಹಡಗು ಹತ್ತಿದವರು ತಿರುಗಿ ಬರಲಿಲ್ಲ. ಅಟ್ಟದ ಪೆಟ್ಟಿಗೆಯಲ್ಲಿ ಡರ್ಬನ್ ಮುದ್ರೆಯ ಲಕೋಟೆಯೊಂದು ಸಿಕ್ಕಿದೆ. ಹಿಂಬದಿಯಲ್ಲಿ ಅವರ ಹೆಸರು, ಪಕ್ಕದಲ್ಲಿ ಆರಂಕಿಯ ಸಂಖ್ಯೆ. ಮನೆ ನಂಬರಿರಬೇಕು. ಅವರೇನಾದರೆಂದು ಇಲ್ಲಿಂದಲೇ ಪತ್ತೆ ಮಾಡಬಹುದೆ?
— ಓದುಗರು, ಕೊಳ್ಳೇಗಾಲ

ಉತ್ತರ: ಅದು ಮನೆ ನಂಬರಲ್ಲ, ಬಹುಮಟ್ಟಿಗೆ ಆಳಿನ ನಂಬರು. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ನೆಟಾಲ್‌ಗೆ (ಡರ್ಬನ್ ಇರುವ ಸೀಮೆ) ಕರಾರು ಕೂಲಿಗಳಾಗಿ ಹೋದ ಪ್ರತಿಯೊಬ್ಬರಿಗೂ ಬಂದಿಳಿದ ಕ್ರಮದಲ್ಲಿ ಒಂದು ಸಂಖ್ಯೆ ಕೊಡುತ್ತಿದ್ದರು. ಸರ್ಕಾರಿ ಕಾಗದಗಳಲ್ಲೆಲ್ಲ ಅದು ಹೆಸರಿನ ಜೊತೆಗೇ ಬರುತ್ತಿತ್ತು. ಕೊನೆಯ ಸಂಖ್ಯೆ 1,52,184. ನಿಮ್ಮದು ಅದನ್ನು ಮೀರಿದ್ದರೆ ಬೇರೇನೋ ಇರಬೇಕು; ಒಳಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಹೀಗೆ ಬಂದಿಳಿದವರನ್ನು ಹಡಗುವಾರು ಬರೆದಿಟ್ಟ ಹಡಗುಪಟ್ಟಿಗಳು ಡರ್ಬನ್ನಿನ ಕ್ವಾಜುಲು-ನೆಟಾಲ್ ವಿಶ್ವವಿದ್ಯಾಲಯದ ವೆಸ್ಟ್‌ವಿಲ್ ಆವರಣದಲ್ಲಿರುವ ಗಾಂಧಿ-ಲುತುಲಿ ದಾಖಲಾತಿ ಕೇಂದ್ರದಲ್ಲಿ ಕಂಪ್ಯೂಟರಿಗೇರಿವೆ. ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಮೈಮೇಲಿನ ಗುರುತು ಎಲ್ಲಕ್ಕೂ ಅದರಲ್ಲಿ ಕಾಲಂಗಳಿವೆ. ಮದ್ರಾಸ್ ಕಡೆಯವರಾದರೆ ಠಾಣೆಯ ಕಾಲಂನಲ್ಲಿ ತಾಲ್ಲೂಕನ್ನು ನೋಡಿ.

ಹೆಚ್ಚಿನವರು ಎಡವುವುದು ಜಿಲ್ಲೆಯಲ್ಲಿ. ‘ಮೈಸೂರು’ ಎಂದು ಹುಡುಕಿ ಏನೂ ಸಿಗಲಿಲ್ಲವೆಂದು ಕೈಬಿಡಬೇಡಿ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೊಸೂರಿನವರಾಗಿದ್ದರೆ ಸೇಲಂ ಎಂದು ಹುಡುಕಬೇಕಿತ್ತು. ಹೆಸರನ್ನಂತೂ ನೆಚ್ಚಲೇಬೇಡಿ. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದ್ದು. ಮಾದ ಅಲ್ಲಿ ಮಾದನ್, ಮಾತನ್ ಆಗಿರಬಹುದು. ನಂಬರು ಹೊಂದಿದ ಮೇಲೂ ತಂದೆಯ ಹೆಸರು ಮತ್ತು ಊರು ತಾಳೆಯಾಗದೆ ಇವರೇ ಎಂದು ತೀರ್ಮಾನಿಸಬೇಡಿ.

ಮುಂದೇನಾಯಿತೆಂಬುದಕ್ಕೆ ಪೀಟರ್‌ಮಾರಿಟ್ಸ್‌ಬರ್ಗ್ ಪತ್ರಾಗಾರ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಪತ್ರಾಗಾರದ ಅಂತರ್ಜಾಲ ಸೂಚಿಯಲ್ಲಿ ಆ ಪತ್ರಾಗಾರದ ಗುರುತಾದ ‘ಎನ್‌ಎಬಿ’ (NAB) ವಿಭಾಗ ಆರಿಸಿ, ಹೆಸರು ಹಾಕಿ ನೋಡಿ, ಆಮೇಲೆ ಬರೀ ನಂಬರು ಹಾಕಿ ನೋಡಿ. ಸಿಕ್ಕ ಕಡತಗಳ ಗುರುತಿನಲ್ಲಿ ‘ಐಐ’ (II) ಎಂದರೆ ವಲಸೆ ಇಲಾಖೆಯ ಕಡತ, ‘ಎಂಎಸ್‌ಸಿಇ’ (MSCE) ಎಂದರೆ ಸತ್ತವರ ಆಸ್ತಿ ಕಡತ. ನಿಮಗೆ ಬೇಕಾದ್ದು ಎರಡನೆಯದು. ಅದರೊಳಗಿನ ಮರಣ ಸೂಚನೆಯಲ್ಲಿ ಹೆಂಡತಿ ಮಕ್ಕಳ ಹೆಸರು ಇರುತ್ತವೆ. ಸೂಚಿಯಲ್ಲಿ ಕಡತದ ಸಂಖ್ಯೆ ಮಾತ್ರ ಕಾಣುತ್ತದೆ. ಒಳಗಿನ ಹಾಳೆಗಳ ಪ್ರತಿ ಬೇಕೆಂದರೆ ಬರೆದು ಕೇಳಬೇಕು. ಆಸ್ತಿಯೇ ಇಲ್ಲದವರ ಹೆಸರಿನಲ್ಲಿ ಇಂಥ ಕಡತ ಸಿಗುವುದು ಅಪರೂಪ.

ಪ್ರಶ್ನೆ: ಅಲ್ಲಿ ಅವರ ಮರಿಮಗ ಸಿಕ್ಕರೆ ಡಿಎನ್‌ಎ ಪರೀಕ್ಷೆಯಿಂದ ಖಾತ್ರಿಯಾಗುತ್ತದೆಯೆ?

ಉತ್ತರ: ಅಣ್ಣತಮ್ಮಂದಿರ ಮರಿಮಕ್ಕಳ ನಡುವೆ ಸರಾಸರಿ ಶೇ. 1ಕ್ಕಿಂತ ಕಡಿಮೆ ಡಿಎನ್‌ಎ ಹೊಂದುತ್ತದೆ. ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದುವುದಿಲ್ಲ. ನಮ್ಮಲ್ಲಿ ಅಕ್ಕನ ಮಗಳು, ಮಾವನ ಮಗಳೆಂದು ಒಳಗೊಳಗೇ ತಂದುಕೊಂಡಿರುವುದರಿಂದ ದೂರದ ನಂಟರೂ ಹತ್ತಿರದವರಂತೆ ಕಾಣಬಹುದು. ಎರಡೂ ಕಡೆ ತಂದೆಯಿಂದ ಮಗನಿಗೆ ಎಂದು ಗಂಡು ಸಂತತಿ ಕಡಿಯದೆ ಬಂದಿದ್ದರೆ ಗಂಡುಸಾಲನ್ನಷ್ಟೇ ತೋರಿಸುವ ವೈ-ಡಿಎನ್‌ಎ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ. ಅದು ಹೊಂದದಿದ್ದರೆ ಆ ಗಂಡುಸಾಲಿನ ನಂಟು ಇಲ್ಲವೆಂದೇ ಲೆಕ್ಕ. ಹೊಂದಿದರೂ ಅದೇ ಮೂಲದ ಬೇರೆ ಮನೆಯವರಿರಬಹುದು, ಹಡಗುಪಟ್ಟಿಯ ತಂದೆಯ ಹೆಸರಿನೊಂದಿಗೆ ಇಟ್ಟು ನೋಡಿ.